ಮುನಿಯಪ್ಪನವರ ಗಿಣ್ಣಿನ ಕ್ಲೇಮು

೧೯೯೭ರಲ್ಲಿ ನಾನು ಇಂದಿರಾನಗರದ ನೂರಡಿ ರಸ್ತೆಯಲ್ಲಿದ್ದ ವಿಮಾ ಕಂಪನಿಯೊಂದರ ಶಾಖೆಯಲ್ಲಿ ಮೋಟಾರ್ ಕ್ಲೇಮ್ ವಿಭಾಗದ ಸಹಾಯಕ ಆಡಳಿತಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಮಾತ್ರ ಗಿಡ್ಡ. ಅಪಘಾತವಾದ ಗಾಡಿಗಳ ಕಾಗದಪತ್ರ ನೋಡುವುದು, ಪರಿಹಾರ ಕೊಡಬೇಕೋ ಬೇಡವೋ ಎಂದು ಟಿಪ್ಪಣಿ ಬರೆಯುವುದು, ಮ್ಯಾನೇಜರ್ ಸಹಿಗೆ ಕಳಿಸುವುದು. ಇಪ್ಪತ್ತು ಸಾವಿರ ರೂಪಾಯಿಗಿಂತ ಕಡಿಮೆ ನಷ್ಟವಾಗಿದ್ದರೆ ಲೈಸೆನ್ಸ್ ಪಡೆದ ಸರ್ವೇಯರ್ ಬೇಕಿರಲಿಲ್ಲ, ಆಫೀಸಿನವರೇ ಹೋಗಿ ಗಾಡಿ ನೋಡಬಹುದಿತ್ತು. ಹಾಗಾಗಿ ಬೈಕುಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು.

ಕ್ಲೇಮ್ ತಿರಸ್ಕರಿಸುವುದರಲ್ಲಿ ನನಗೆ ಆಗ ಸ್ವಲ್ಪ ಹೆಸರಿತ್ತು. "ವನಜಾ ಮೇಡಂ ಕೈಗೆ ಫೈಲ್ ಹೋದರೆ ಶನಿ ಹೆಗಲೇರಿದ ಹಾಗೇ" ಎಂದು ಏಜೆಂಟರು ಮಾತಾಡಿಕೊಳ್ಳುತ್ತಿದ್ದರಂತೆ. ಅದು ಕಿವಿಗೆ ಬಿದ್ದ ದಿನ ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹಿಗ್ಗಿದೆ.

ಆ ವರ್ಷ ಫೆಬ್ರವರಿಯ ಒಂದು ಸೋಮವಾರ ನನ್ನ ಮೇಜಿಗೆ ಬಂದ ಫೈಲು ದೊಡ್ಡನೆಕ್ಕುಂದಿಯ ಮುನಿಯಪ್ಪ ಎಂಬುವವರದು. ಹಿಂದಿನ ದಿನ, ಭಾನುವಾರ ಬೆಳಿಗ್ಗೆ ಅವರು ತಮ್ಮ ನೂರು ಸಿ.ಸಿ. ಬೈಕಿನಲ್ಲಿ ಹೋಗುತ್ತಿದ್ದಾಗ ಟಿನ್ ಫ್ಯಾಕ್ಟರಿ ಹತ್ತಿರ ಮುಂದಿದ್ದ ಆಟೋ ಗಕ್ಕನೆ ನಿಂತಿತ್ತು. ಅದನ್ನು ತಪ್ಪಿಸಲು ಹೋಗಿ ಬೈಕು ರಸ್ತೆ ಮಧ್ಯದ ಕಲ್ಲಿಗೆ ಗುದ್ದಿತ್ತು. ಮುಂದಿನ ಫೋರ್ಕು ಬಾಗಿತ್ತು, ಹೆಡ್‌ಲೈಟ್ ಪುಡಿಯಾಗಿತ್ತು, ಟ್ಯಾಂಕು ನೆಗ್ಗಿತ್ತು. ದೇವರ ದಯೆ, ಮುನಿಯಪ್ಪನವರಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಏಜೆಂಟು ತುಂಬಿಸಿದ್ದ ಫಾರಂನಲ್ಲಿ 'ಯಾವ ಕೆಲಸಕ್ಕೆ ಹೋಗುತ್ತಿದ್ದಿರಿ' ಎಂಬ ಪ್ರಶ್ನೆಯ ಎದುರು 'ಗಿರಾಕಿಗಳಿಗೆ ಹಾಲು ಹಾಕಲು' ಎಂದಿತ್ತು. ಜೊತೆಗೆ ಟ್ರಾಫಿಕ್ ಪೊಲೀಸರು ಕೊಟ್ಟ ದಂಡದ ಚೀಟಿ ಪಿನ್ ಮಾಡಿತ್ತು. ಅದರಲ್ಲಿ 'ನಿರ್ಲಕ್ಷ್ಯ ಚಾಲನೆ, ಮಾರಾಟದ ಹಾಲು ಸಾಗಣೆ' ಎಂದು ಬರೆದಿತ್ತು. ದಂಡ ಅಲ್ಲೇ ಕಟ್ಟಿ ರಸೀದಿಗೆ ಸಹಿಯನ್ನೂ ಮಾಡಿದ್ದರು.

ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ದಂಡ ಕಟ್ಟಿದರೆ ವಿಮೆ ಸಿಗುವುದಿಲ್ಲ ಎಂದು ಜನ ಹೆದರುತ್ತಾರೆ. ಅದು ತಪ್ಪು. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಓಡಿಸಿದವನದೇ ತಪ್ಪಿದ್ದರೂ ಸ್ವಂತ ಗಾಡಿಯ ರಿಪೇರಿಗೆ ಹಣ ಸಿಗುತ್ತದೆ. ಆದರೆ ಖಾಸಗಿ ಬೈಕಿನ ಪಾಲಿಸಿಯಲ್ಲಿ ಇನ್ನೊಂದು ಷರತ್ತು ಇರುತ್ತಿತ್ತು: ಗಾಡಿಯನ್ನು ಸಾಮಾಜಿಕ, ಗೃಹಕೃತ್ಯದ ಮತ್ತು ಸಂತೋಷದ ಉದ್ದೇಶಗಳಿಗೆ ಬಳಸಬಹುದು, ಸ್ವಂತ ವ್ಯವಹಾರಕ್ಕೆ ಓಡಾಡಬಹುದು, ಸರಕು ಮಾತ್ರ ಸಾಗಿಸಬಾರದು. ಮಾರುವ ಹಾಲು ಎಂದರೆ ಸರಕು. ಕೈಬರಹದ ಎರಡು ಕಾಗದ ಒಂದೇ ಮಾತು ಹೇಳುತ್ತಿದ್ದವು. ನನಗೆ ಇನ್ನೇನು ಬೇಕು? ತಿರಸ್ಕಾರದ ಟಿಪ್ಪಣಿ ಹತ್ತು ನಿಮಿಷದಲ್ಲಿ ಸಿದ್ಧವಾಯಿತು.

ಮಂಗಳವಾರ ಮುನಿಯಪ್ಪನವರೇ ಬಂದರು. ಐವತ್ತು ದಾಟಿದ ಗಟ್ಟಿ ಆಳು, ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಕ್ಲೇಮ್ ಸಿಗುವುದಿಲ್ಲ ಎಂದು ನಾನು ನೇರವಾಗಿ ಹೇಳಿಬಿಟ್ಟೆ. ಅವರು ಜಗಳಕ್ಕೆ ಬರಲಿಲ್ಲ. ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು.

"ನಂಗೋಸ್ಕರ ಅಲ್ಲ ಮೇಡಮ್ಮ. ಮಗಳು ರುಕ್ಮಿಣಿ ನರ್ಸ್ ಟ್ರೈನಿಂಗ್ ಮಾಡ್ತಾವ್ಳೆ, ಶಿವಾಜಿನಗರದ ತಾವ. ಬೆಳಿಗ್ಗೆ ಏಳಕ್ಕೆ ಡ್ಯೂಟಿ. ನಮ್ಮೂರಿಂದ ಅಷ್ಟೊತ್ಗೆ ಬಸ್ ಸಿಗಾಕಿಲ್ಲ. ಗಾಡಿ ತಕ್ಕೊಂಡಿದ್ದೇ ಅವಳ್ನ ಬಿಡಕ್ಕೆ. ಐದು ಸರ್ತಿ ತಡ ಆದ್ರೆ ಒಂದು ದಿನ ರಜ ಬರ್ಕೋತಾರಂತೆ. ಇನ್ನ ಮೂರು ರಜ ಬಿದ್ರೆ ಪರೀಕ್ಷೆಗೇ ಕೂರ್ಸಕಿಲ್ವಂತೆ."

ಕೈಯಿಂದ ಹಾಕಿ ರಿಪೇರಿ ಮಾಡಿಸುವ ಸ್ಥಿತಿ ಅವರದಾಗಿರಲಿಲ್ಲ. ಮಗಳ ಫೀಸು ಕಟ್ಟಿ ಕೈ ಖಾಲಿಯಾಗಿತ್ತು. ಪಾಪ ಅನಿಸಿತು. ಆದರೆ ಪಾಪ ಅನಿಸಿದ್ದಕ್ಕೆಲ್ಲ ಪಾಲಿಸಿಯಲ್ಲಿ ಜಾಗವಿಲ್ಲ. "ಹಾಲು ಮಾರಕ್ಕೆ ಗಾಡಿ ಬಳಸಬಾರದಿತ್ತು ಮುನಿಯಪ್ಪನವರೇ" ಎಂದೆ.

ಆಗ ಅವರ ಮುಖ ಬದಲಾಯಿತು. "ಮಾರೋದಾ? ಗಿಣ್ಣು ಯಾರಾದ್ರೂ ಮಾರ್ತಾರೇನಮ್ಮ?"

ಆಮೇಲೆ ನಿಧಾನಕ್ಕೆ ಸಂಗತಿ ಹೊರಬಂತು. ಅವರ ದಿನದ ಹಾಲು ಊರಿನ ಡೈರಿಗೆ ಹೋಗುತ್ತಿತ್ತು, ಅದೂ ಸೈಕಲ್ಲಿನಲ್ಲಿ. ಅವರ ತಂದೆಯ ಕಾಲದಲ್ಲಿ ಕಾಕ್ಸ್‌ಟೌನಿನ ನಾಲ್ಕು ಮನೆಗಳಿಗೆ ಇವರೇ ಹಾಲು ಹಾಕುತ್ತಿದ್ದರು. ಪ್ಯಾಕೆಟ್ ಹಾಲು ಬಂದ ಮೇಲೆ ಆ ವರ್ತನೆಯ ಹಾಲು ನಿಂತು ಎಷ್ಟೋ ವರ್ಷವಾಗಿತ್ತು. ಆದರೆ ಮನೆಯಲ್ಲಿ ಹಸು ಕರು ಹಾಕಿದಾಗಲೆಲ್ಲ ಮೊದಲ ದಿನಗಳ ಗಿಣ್ಣಿನ ಹಾಲು ಮಾತ್ರ ಆ ನಾಲ್ಕು ಮನೆಗೆ ತಪ್ಪದೆ ಹೋಗುತ್ತಿತ್ತು. ಅದಕ್ಕೆ ಕಾಸು ತೆಗೆದುಕೊಳ್ಳುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. ಭಾನುವಾರ ಮಗಳಿಗೆ ರಜೆ, ಗಾಡಿ ಬಿಡುವಾಗಿತ್ತು, ಗಿಣ್ಣು ಕೆಡುವ ಮೊದಲು ಮುಟ್ಟಿಸೋಣ ಎಂದು ಹೊರಟಿದ್ದರು. ಏಜೆಂಟನ ತಲೆಗೆ ಹಾಲೆಲ್ಲ ಒಂದೇ, ಹಾಲಿನವರೆಲ್ಲ ಒಂದೇ.

"ಆ ಏಜೆಂಟಪ್ಪ ಇವತ್ತು ಸಿಕ್ಕಿ, ಕ್ಯಾನು ಖಾಲಿ ಇತ್ತು ಅಂತ ಬೇರೆ ಫಾರಂ ಬರ್ಕೊಡಿ ಅಂದ. ನಾನು ಒಪ್ಲಿಲ್ಲ. ಗಿಣ್ಣಿನ ವಿಷ್ಯದಾಗೆ ಸುಳ್ಳು ಹೇಳುದ್ರೆ ಹಸು ಬತ್ತೋಯ್ತದೆ."

ಸುಳ್ಳು ಹೇಳಿದ್ದರೆ ಸುಲಭವಾಗಿ ಹಿಡಿಯುತ್ತಿದ್ದೆ. ನಿಜ ಹೇಳಿ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿದರು. ಬರೆದಿಟ್ಟ ಟಿಪ್ಪಣಿಯನ್ನು ಡ್ರಾಯರಿಗೆ ಹಾಕಿ, "ಗಾಡಿ ನೋಡ್ತೀನಿ, ಆಮೇಲೆ ಮಾತು" ಎಂದೆ. ಬಾಯಿಮಾತಿಗೆ ಕಂಪನಿ ಹಣ ಕೊಡುವುದಿಲ್ಲ. ಕಾಕ್ಸ್‌ಟೌನಿನವರನ್ನು ಕೇಳೋಣವೆಂದರೆ ಅವರಿಗೆ ಆ ದಿನ ಗಿಣ್ಣು ತಲುಪಿಯೇ ಇರಲಿಲ್ಲ, ಅದೆಲ್ಲ ಟಿನ್ ಫ್ಯಾಕ್ಟರಿ ರಸ್ತೆಗೆ ಅಭಿಷೇಕವಾಗಿತ್ತು.

ಬುಧವಾರ ಕ್ಯಾಮೆರಾ ಹಿಡಿದು ಶಿವಾಜಿನಗರಕ್ಕೆ ಹೋದೆ. ಹಳೆ ಗಾಡಿಗಳ ಬಿಡಿಭಾಗ ಮಾರುವ ಗುಜರಿ ಸಾಲಿನ ಹಿಂದೆ ಬಷೀರ್ ಎಂಬ ಮೆಕ್ಯಾನಿಕ್ಕಿನ ಗ್ಯಾರೇಜು, ಮುನಿಯಪ್ಪನವರ ಬೈಕು ಅಲ್ಲಿತ್ತು. ನಾವು ನೋಡುವವರೆಗೆ ಒಂದು ಬೋಲ್ಟನ್ನೂ ಬಿಚ್ಚಬಾರದೆಂಬ ನಿಯಮವನ್ನು ಅವರು ನಿಷ್ಠೆಯಿಂದ ಪಾಲಿಸುತ್ತಿದ್ದರು. ಆದರೆ ಅಂದು ನನ್ನನ್ನು ಕಂಡಕೂಡಲೇ ದೂರು ಶುರುಮಾಡಿದರು.

"ಅರೆ ಮೇಡಂ, ಇಪ್ಪತ್ತು ವರ್ಷದಿಂದ ಗಾಡಿ ರಿಪೇರಿ ಮಾಡ್ತಾ ಇದೀನಿ, ಇಂಜಿನ್ ಮೇಲೆ ಕೋವಾ ನೋಡಿದ್ದು ಇದೇ ಫಸ್ಟು! ಇರುವೆ ಕಾಟ ಬೇರೆ. ಕೈ ಇಟ್ರೆ ಕಚ್ತವೆ."

ಬಗ್ಗಿ ನೋಡಿದೆ. ಸಿಲಿಂಡರಿನ ಸುತ್ತ ಗಾಳಿಯಾಡಲೆಂದು ತೆಳ್ಳನೆಯ ಪದರಗಳಿರುತ್ತವೆ, ಮೆಕ್ಯಾನಿಕ್ಕುಗಳು ಅವನ್ನು ಫಿನ್ ಅನ್ನುತ್ತಾರೆ. ಆ ಫಿನ್ನುಗಳ ನಡುವೆ ಹಳದಿ ಬಣ್ಣದ್ದೇನೋ ಗಟ್ಟಿಯಾಗಿ ಕೂತಿತ್ತು. ಬಷೀರ್ ಸ್ಕ್ರೂಡ್ರೈವರಿನಿಂದ ಮೀಟಿದಾಗ ತುಂಡಾಗಿ ಎದ್ದು ಬಂತು. ಅದನ್ನು ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲ್ ವಾಸನೆಯ ಹಿಂದಿನಿಂದ ಹಲಸೂರಿನ ನಮ್ಮಜ್ಜಿಯ ಅಡುಗೆಮನೆ ಬಂದುಬಿಟ್ಟಿತು! ಅಜ್ಜಿ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದರು. ಪಾತ್ರೆಯ ಹೊರಗೆ ಚೆಲ್ಲಿದ್ದೂ ಹೀಗೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತಿತ್ತು, ಕೆರೆದು ತಿನ್ನಲು ನಾವು ಮಕ್ಕಳು ಕಿತ್ತಾಡುತ್ತಿದ್ದೆವು. ಕಾಯಿಸಿದರೆ ಗಟ್ಟಿಯಾಗುವುದು ಗಿಣ್ಣಿನ ಗುಣ. ಮಾಮೂಲಿ ಹಾಲು ಉಕ್ಕುತ್ತದೆ, ಸೀಯುತ್ತದೆ, ಹೀಗೆ ಬೇಯುವುದಿಲ್ಲ. ಮುನಿಯಪ್ಪನವರ ಗಿಣ್ಣನ್ನು ಕಾದ ಇಂಜಿನ್ನೇ ಬೇಯಿಸಿಟ್ಟಿತ್ತು.

ನಾನು ವಿಷಯ ಹೇಳಿದ್ದೇ ತಡ, ಬಷೀರ್ ಪಕ್ಕದ ಟೀ ಅಂಗಡಿಯಿಂದ ಅರ್ಧ ಲೋಟ ಹಸಿ ಹಾಲು ತರಿಸಿದರು. ಇನ್ನೊಂದು ಬೈಕನ್ನು ಚೆನ್ನಾಗಿ ಓಡಿಸಿ ತಂದು ನಿಲ್ಲಿಸಿ, ಕಾದ ಇಂಜಿನ್ನಿನ ಮೇಲೆ ಸುರಿದರು. ಚುರ್ ಎಂದು ಹೊಗೆಯೆದ್ದು ಕಂದು ಕಲೆಯಷ್ಟೇ ಉಳಿಯಿತು. ಗಲ್ಲಿಯ ಜನವೆಲ್ಲ ಸೇರಿಬಿಟ್ಟಿದ್ದರು. ನಾನು ಎರಡೂ ಇಂಜಿನ್ನುಗಳ ಫೋಟೋ ತೆಗೆದೆ. ಎರಡನೇ ಬೈಕಿನ ಯಜಮಾನ ತನ್ನ ಗಾಡಿಗೆ ಯಾಕೆ ಹಾಲು ಹೊಯ್ದಿರಿ ಎಂದು ಕೇಳಿಕೊಂಡು ಬರುವಷ್ಟರಲ್ಲಿ ಆಟೋ ಹತ್ತಿದ್ದೆ.

ಶುಕ್ರವಾರ ಫೋಟೋಗಳು ತೊಳೆದು ಬಂದವು. ನಮ್ಮ ಮ್ಯಾನೇಜರ್ ರಾಘವನ್, ತಂಜಾವೂರು ಕಡೆಯವರು. ಫೋಟೋ ನೋಡಿ ಕುರ್ಚಿಯಲ್ಲೇ ನೆಟ್ಟಗಾದರು. "ಅಯ್ಯೋ, ಸೀಂಪಾಲ್! ಗಿಣ್ಣಿಗೆ ನಾವು ಹಾಗೇ ಅನ್ನೋದು. ತಿಂದು ಮೂವತ್ತು ವರ್ಷ ಆಯ್ತು ವನಜಾ." ಸ್ವಲ್ಪ ಹೊತ್ತು ತಮ್ಮೂರಿನ ಕೊಟ್ಟಿಗೆಗೆ ಹೋಗಿಬಂದರು. ಬಂದ ಮೇಲೆ ಮತ್ತೆ ಮ್ಯಾನೇಜರ್ ಆದರು. "ನಾನು ನಂಬ್ತೀನಿ. ಆದರೆ ಆಡಿಟ್‌ನವರು ಚೀಟಿ ನೋಡ್ತಾರೆ, ಮಾರಾಟದ ಹಾಲು ಅಂತ ಇದೆಯಲ್ಲ. ಪೊಲೀಸ್ ಕಾಗದಕ್ಕೆ ಇನ್ನೊಂದು ಪೊಲೀಸ್ ಕಾಗದಾನೇ ಉತ್ತರ."

ಅಷ್ಟರಲ್ಲಿ ರುಕ್ಮಿಣಿಗೆ ಒಂದು ರಜೆ ಬಿದ್ದಾಗಿತ್ತು.

ಶನಿವಾರ ಚೀಟಿ ಬರೆದ ಅಧಿಕಾರಿಯನ್ನು ಹುಡುಕಿಕೊಂಡು ಹೋದೆ. ಚನ್ನಬಸಪ್ಪ ಎಂಬ ರಾಯಚೂರು ಕಡೆಯ ಎ.ಎಸ್.ಐ., ದಪ್ಪ ಮೀಸೆಯವರು. ರಸ್ತೆ ಬದಿಯ ನೆರಳಲ್ಲಿ ನಿಂತು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಗಿಣ್ಣು ಎಂದ ಕೂಡಲೇ ಮೀಸೆಯಡಿ ನಗು ಮೂಡಿ, ತಕ್ಷಣ ಮಾಯವಾಯಿತು.

"ಹೌದ್ರೀ, ಗಿಣ್ಣದ ಹಾಲೇ ಅದು. ನನಗ ಗೊತ್ತದ. ಆವಾಗ ಗದ್ಲಿತ್ತು, ಹಿಂದ ಬಸ್ ನಿಂತಿದ್ವು, ಕ್ಯಾನ್ ನೋಡಿ ಮಾರೋ ಹಾಲು ಅಂತ ಗೀಚಿಬಿಟ್ಟೆ. ಆಮ್ಯಾಲ ತಿಳೀತು."

"ಹೇಗೆ ತಿಳೀತು?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. ಕ್ಯಾನಿನ ತಳದಲ್ಲಿ ಅರ್ಧ ಲೀಟರ್ ಉಳಿದಿತ್ತಂತೆ. ಕೊಡಲೆಂದು ಹೊರಟ ಗಿಣ್ಣು ಮನೆಗೆ ವಾಪಸ್ ಹೋಗಬಾರದು ಎಂದು ಮುನಿಯಪ್ಪ ಹಟ ಹಿಡಿದು, ದಂಡ ಕಟ್ಟಿ ರಸೀದಿ ಜೇಬಿಗಿಟ್ಟುಕೊಂಡ ಮೇಲೆ, ದಂಡ ಹಾಕಿದವರ ಊಟದ ಡಬ್ಬಿಗೇ ಅದನ್ನು ಬಗ್ಗಿಸಿದ್ದರು! ಬೆಲ್ಲ ಎಷ್ಟು ಹಾಕಬೇಕೆಂದೂ ಹೇಳಿಕೊಟ್ಟಿದ್ದರು.

"ಮನ್ಯಾಗ ಮಾಡಿದ್ರು, ಭಾಳ ಛಲೋ ಆಗಿತ್ತು. ಆದ್ರ ಇದನ್ನ ಹ್ಯಾಂಗ ಬರದು ಕೊಡ್ಲಿ ಮೇಡಂ? ಚನ್ನಬಸಪ್ಪ ಗಿಣ್ಣದ ಲಂಚ ತಿಂದಾನ ಅಂತಾರ."

ನನಗೆ ನಗು ತಡೆಯಲಾಗಲಿಲ್ಲ. "ದಂಡ ಕಟ್ಟಿಸಿಕೊಂಡ ಮೇಲೆ ಸಿಕ್ಕಿದ್ದು ಲಂಚ ಹೇಗಾಗುತ್ತೆ ಸಾರ್? ಹೋಗಲಿ, ನೀವು ತಿಂದಿದ್ದು ಬರೀಬೇಡಿ, ನೋಡಿದ್ದು ಬರೀರಿ."

ಅವರು ಟೋಪಿ ತಲೆಗಿಟ್ಟುಕೊಂಡರು. ಆಮೇಲೆ ನನ್ನದೇ ಪೆನ್ನು ಇಸಿದುಕೊಂಡು, ತಮ್ಮ ಬೈಕಿನ ಸೀಟಿನ ಮೇಲೆ ಕಾಗದವಿಟ್ಟು ಬರೆದರು. ಕ್ಯಾನಿನಲ್ಲಿ ಇದ್ದದ್ದು ಹಳದಿ ಬಣ್ಣದ ಮಂದ ಗಿಣ್ಣಿನ ಹಾಲು, ಅದು ಮಾರಾಟಕ್ಕಲ್ಲವೆಂದು ಸವಾರರು ಸ್ಥಳದಲ್ಲೇ ತಿಳಿಸಿದ್ದರು, ಅವಸರದಲ್ಲಿ ಚೀಟಿಯಲ್ಲಿ ತಪ್ಪಾಗಿ ನಮೂದಾಗಿದೆ. ಸಹಿ, ಮೊಹರು ಎಲ್ಲ ಸೋಮವಾರ ಠಾಣೆಯಿಂದ ಸರಿಯಾಗಿ ಬಂತು. ನಿರ್ಲಕ್ಷ್ಯ ಚಾಲನೆಯ ದಂಡವನ್ನು ಮಾತ್ರ ಅವರು ಬಿಡಲಿಲ್ಲ. ಬಿಡಬೇಕೆಂದು ಮುನಿಯಪ್ಪನವರೂ ಕೇಳಲಿಲ್ಲ.

ಹಳೆಯ ಟಿಪ್ಪಣಿ ಹರಿದು ಹೊಸದು ಬರೆದೆ. ಸಾಮಾಜಿಕ, ಗೃಹಕೃತ್ಯ, ಸಂತೋಷ ಎಂಬ ಮೂರು ಉದ್ದೇಶಗಳಲ್ಲಿ ಒಂದಿದ್ದರೂ ಸಾಕು, ಈ ಪ್ರಯಾಣದಲ್ಲಿ ಮೂರೂ ಇದ್ದವು ಎಂದು ಕೊನೆಯಲ್ಲಿ ಸೇರಿಸಿದೆ. ರಾಘವನ್ ಓದಿ ನಕ್ಕರು, ಸಹಿ ಹಾಕಿದರು. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ನಿಯಮದಂತೆ ಅರ್ಧ ಕಳೆದು ಉಳಿದದ್ದನ್ನು ಮಂಜೂರು ಮಾಡಿದೆವು. ಅಪಘಾತವಾದ ಹದಿನೈದನೇ ದಿನ ಬೈಕು ಬಷೀರ್ ಗ್ಯಾರೇಜಿನಿಂದ ಹೊರಬಂತು. ರುಕ್ಮಿಣಿಗೆ ಅಷ್ಟರಲ್ಲಿ ಬಿದ್ದದ್ದು ಎರಡು ರಜೆ. ಮೂರನೆಯದು ಬೀಳಲಿಲ್ಲ. ಅವಳು ಪರೀಕ್ಷೆಗೆ ಕೂತಳು.

ಮುಂದಿನ ವರ್ಷ ಜುಲೈನಲ್ಲಿ ಒಂದು ಬೆಳಿಗ್ಗೆ ಮುನಿಯಪ್ಪನವರು ಮಗಳೊಂದಿಗೆ ಆಫೀಸಿಗೆ ಬಂದರು. ರುಕ್ಮಿಣಿ ಬಿಳಿ ಸಮವಸ್ತ್ರದಲ್ಲಿದ್ದಳು, ಪಾಸಾಗಿ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತು ಅವಳ ಎರಡೂ ಕೈ ಹಿಡಿದುಕೊಂಡೆ. ಆಮೇಲೆ ಮುನಿಯಪ್ಪನವರ ಕೈಯಲ್ಲಿದ್ದ ಕ್ಯಾನು ಕಣ್ಣಿಗೆ ಬಿತ್ತು, ಒಳಗಿನ ಅಧಿಕಾರಿ ಎಚ್ಚೆತ್ತಳು.

"ಮುನಿಯಪ್ಪನವರೇ, ಕ್ಲೇಮ್ ಪಾಸ್ ಮಾಡಿದ್ದಕ್ಕೆ ನಾವು ಏನೂ ತಗೋಬಾರದು."

"ಕ್ಲೇಮ್‌ಗಲ್ಲ ಮೇಡಮ್ಮ" ಎಂದರು ಅವರು, ನಾನು ಎಂಥ ದಡ್ಡಿ ಎಂಬಂತೆ ನೋಡಿ. "ಹಸು ಕರು ಹಾಕೈತೆ, ಅದಕ್ಕೆ."

ಇದಕ್ಕೆ ಯಾವ ನಿಯಮಾವಳಿಯಲ್ಲಿ ಉತ್ತರ ಹುಡುಕಲಿ? ಅಷ್ಟರಲ್ಲಿ ರಾಘವನ್ ತಮ್ಮ ಊಟದ ಡಬ್ಬಿ ಖಾಲಿ ಮಾಡಿಕೊಂಡು ಮುಚ್ಚಳ ಸಮೇತ ಹೊರಗೆ ಬಂದಿದ್ದರು. ಅವರ ಹಿಂದೆ ನಾನೂ ಪಾತ್ರೆ ಹಿಡಿದೆ. ಖಾಲಿ ಕ್ಯಾನು ವಾಪಸ್ ಕೊಡಬಾರದೆಂದು ಕ್ಯಾಂಟೀನಿನಿಂದ ಒಂದು ಅಚ್ಚು ಬೆಲ್ಲ ತರಿಸಿ ಅದರೊಳಗೆ ಹಾಕಿದೆ.

ಆ ಕೇಸಿನ ನಂತರ ಹದಿನೆಂಟು ವರ್ಷ ಅದೇ ಕೆಲಸ ಮಾಡಿದೆ. ತಿರಸ್ಕರಿಸಬೇಕಾದ್ದನ್ನು ತಿರಸ್ಕರಿಸಿದೆ, ಅದರಲ್ಲಿ ಬದಲಾವಣೆಯಿಲ್ಲ. ಬದಲಾದದ್ದು ಒಂದೇ. ಗಾಡಿಯಲ್ಲಿ ಏನಿತ್ತು ಎಂದು ಕೇಳುವ ಮೊದಲು, ಫಾರಂ ಮಗುಚಿಟ್ಟು, ಯಾರ ಮನೆಗೆ ಹೊರಟಿದ್ರಿ, ಯಾಕೆ ಹೊರಟಿದ್ರಿ ಎಂದು ಕೇಳಿ ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರುವುದನ್ನು ಕಲಿತೆ. ಮುನಿಯಪ್ಪನವರ ಕೊಟ್ಟಿಗೆಯಲ್ಲಿ ಹಸು ಇರುವಷ್ಟು ಕಾಲ ಅವರ ಗಿಣ್ಣು ಐದು ಕಡೆ ಹೋಗುತ್ತಿತ್ತು. ಕಾಕ್ಸ್‌ಟೌನಿನ ನಾಲ್ಕು ಮನೆ, ಆಮೇಲೆ ನಮ್ಮ ಆಫೀಸು.