ಉಬೈದ್ ಸಾಹೇಬರ ಮೂಗು

ನಮ್ಮ ಕೆರೆಬದಿ ಬಡಾವಣೆಗೆ ಗ್ಯಾರೇಜಿನ ಉಬೈದ್ ಸಾಹೇಬರ ಮೂಗೇ ಕಾವಲು. ನಾನೇ ಸಿಡುಕ, ಅವರು ನನ್ನನ್ನೂ ಮೀರಿಸಿದವರು. ಮೇಲಿನ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಶುರುವಾದರೆ ಸಾಕು, ಬೆಳಗ್ಗೆ ಎದ್ದವರೇ ಕೆರೆಗೆ ಬರುವ ಕಾಲುವೆಗೆ ಬಗ್ಗಿ ಮೂಸುತ್ತಾರೆ. ಹಣ್ಣು ತೊಳೆದ ನೀರು ನಾರಿದರೆ ಎಸ್ಟೇಟ್ ಜೀಪು ತಡೆದು, "ಕಾಫಿ ನಿಮ್ಗೆ, ನಾತ ನಮ್ಗಾ ಮಾರಾಯ್ರೆ?" ಎಂದು ಕೂಗುತ್ತಾರೆ. ನೆಗಡಿಯಾದರೆ ಮೂಸಲು ಹೆಂಡತಿ ರಹೀಮಾರನ್ನು ಕಳಿಸುತ್ತಾರೆ. "ಆ ಮೂಗಿಗೊಂದು ರಜ ಕೊಡ್ರೀ" ಎಂದು ಆಕೆ ಗೊಣಗುತ್ತಾ ಹೋಗುತ್ತಾರೆ. ನಮಾಜಿಗೆ ಮುಂಚೆ ಸಾಹೇಬರು ವಜು ಮಾಡುವುದು ಕೆರೆ ಮೆಟ್ಟಿಲಲ್ಲೇ, ಆದರೆ ಮನೆಯಿಂದ ಹೊತ್ತು ತಂದ ಕ್ಯಾನಿನ ನೀರಲ್ಲಿ; ಅವರಪ್ಪ ಕೆರೆ ನೀರಲ್ಲೇ ಕೈಕಾಲು ತೊಳೆಯುತ್ತಿದ್ದ ಮೆಟ್ಟಿಲು ಅದು. ಈ ವರ್ಷ ಎಸ್ಟೇಟಿನವರು ಹೊಂಡ ತೋಡಿ ಹಣ್ಣು ತೊಳೆದ ನೀರನ್ನು ಅಲ್ಲೇ ತಡೆದಿದ್ದಾರೆ. ನಿನ್ನೆ ಸಾಹೇಬರು ಮೂಸಿದರು, ಮತ್ತೆ ಮೂಸಿದರು, ಬೈಯಲು ಏನೂ ಸಿಗಲಿಲ್ಲ. ವಜುವಿಗೆ ಮೆಟ್ಟಿಲಿಳಿದು, ಕ್ಯಾನ್ ಪಕ್ಕಕ್ಕಿಟ್ಟು, ಅಂಗಿ ತೋಳು ಮಡಚಿ, ಕೆರೆಗೇ ಕೈ ಹಾಕಿದರು.