ಸುನಂದಾಳ ಹಿಮಬಂಡಿ

೨೦೦೬ನೇ ಇಸವಿ. ಆಸ್ಟ್ರೇಲಿಯಾದಲ್ಲಿ ಚಳಿಗಾಲವೆಂದರೆ ಜೂನ್‌ನಿಂದ ಆಗಸ್ಟ್‌. ಆಗ ನಾವು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿದ್ದೆವು. ನಾನು ಕಾರಿನ ಸೀಟುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಡಿಸೈನ್ ಎಂಜಿನಿಯರ್. ನನ್ನ ಗಂಡ ಗಿರೀಶ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಇಬ್ಬರೂ ಧಾರವಾಡದವರು. ಗಿರೀಶರ ತಂಗಿ ಸುನಂದಾ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಹೆದ್ದಾರಿಯಲ್ಲಿ ಆದ ಅಪಘಾತದಲ್ಲಿ ಅವಳ ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಆರು ತಿಂಗಳು ಆಸ್ಪತ್ರೆ. ಆಮೇಲೆ ಗಾಲಿಕುರ್ಚಿ. ಅದರಲ್ಲೇ ಕೆಲಸಕ್ಕೆ ಮರಳಿದಳು. ಕೈಯಿಂದಲೇ ಬ್ರೇಕ್, ಆಕ್ಸಿಲರೇಟರ್ ಒತ್ತುವಂಥ ಕಾರು ಮಾಡಿಸಿಕೊಂಡು ತಾನೇ ಓಡಿಸಲೂ ಶುರುಮಾಡಿದಳು.

ಹಿಂದಿನ ವರ್ಷ, ೨೦೦೫ರ ಚಳಿಗಾಲದಲ್ಲಿ, ನಾವು ಮೂವರೂ ಸ್ನೋಯಿ ಪರ್ವತಗಳಿಗೆ ಹೋಗಿದ್ದೆವು. ಗಾಲಿಕುರ್ಚಿ ಹಿಮದಲ್ಲಿ ಒಂದು ಮಾರು ಕೂಡ ಚಲಿಸುವುದಿಲ್ಲ. ಸುನಂದಾ ಲಾಡ್ಜಿನ ಕಿಟಕಿಯ ಬಳಿ ಕುಳಿತು, ನಾವು ಪ್ಲಾಸ್ಟಿಕ್ ಟೊಬೊಗನ್ ಮೇಲೆ ಕುಳಿತು ಇಳಿಜಾರಿನಲ್ಲಿ ಜಾರುವುದನ್ನು ನೋಡುತ್ತಿದ್ದಳು. ಪ್ರತಿ ಸಲ ನಾವು ಕೆಳಗೆ ಬಂದಾಗಲೂ ಕೈ ಎತ್ತಿ ಆಡಿಸುತ್ತಿದ್ದಳು. ವಾಪಸ್ ಬರುವಾಗ ಕಾರಿನಲ್ಲಿ ನನ್ನನ್ನು ಕೇಳಿದಳು: "ವೈನಿ, ಅಲ್ಲಿಂದ ಇಳಿಯೋವಾಗ ಹೆಂಗ ಅನಸ್ತದ?"

"ಹೆಂಗ ಅಂದ್ರ... ಥಂಡಿ. ಒಂದೀಟು ಅಂಜಿಕಿ" ಎಂದೆ.

"ಅಂಥಾ ಮಜಾದ ಅಂಜಿಕಿ ನನಗ ಆಗಿ ಭಾಳ ದಿನಾ ಆತು" ಎಂದು ಅವಳು ನಕ್ಕಳು.

ಗಿರೀಶ ಕಾರು ಓಡಿಸುತ್ತಿದ್ದರು. ನಾನು ಹಿಂದೆಮುಂದೆ ನೋಡದೆ ಅಂದುಬಿಟ್ಟೆ: "ಮುಂದಿನ ವರ್ಷ ನೀನೂ ಇಳೀತಿ. ಅದಕ್ಕ ಬೇಕಾದ ಬಂಡಿ ನಾ ಮಾಡ್ತೀನಿ."

ಅದು ಬರೀ ಸಮಾಧಾನದ ಮಾತಾಗಿರಲಿಲ್ಲ. ಮಾಡಬಲ್ಲೆ ಎಂಬ ನಂಬಿಕೆ ನನಗೆ ನಿಜಕ್ಕೂ ಇತ್ತು. ಕುಳಿತು ಜಾರುವ ಸ್ಕೀಗಳು ಆಗಲೇ ಇದ್ದವು. ಆದರೆ ಅವಕ್ಕೆ ತರಬೇತಿ ಬೇಕು, ಕಲಿಯುವಾಗ ಹಿಂದೆ ಒಬ್ಬರು ಹಿಡಿದುಕೊಂಡಿರಬೇಕು. ಯಾರೂ ಹಿಡಿಯದೆ ತಾನೇ ಇಳಿಯಬೇಕು ಎನ್ನುವುದು ಸುನಂದಾಳ ಆಸೆ. ಸಾಮಾನ್ಯ ಟೊಬೊಗನ್ ಎಂದರೆ ಒಂದು ಪ್ಲಾಸ್ಟಿಕ್ ತೊಟ್ಟಿ ಅಷ್ಟೇ. ಅದನ್ನು ತಿರುಗಿಸುವುದೂ ನಿಲ್ಲಿಸುವುದೂ ಹಿಮ್ಮಡಿಗಳಿಂದ. ಆ ಎರಡು ಕೆಲಸಗಳನ್ನು ಕಾಲಿನಿಂದ ಕೈಗೆ ತಂದರೆ ಸಾಕು.

ಬೇಸಿಗೆಯ ವಾರಾಂತ್ಯಗಳೆಲ್ಲ ನಮ್ಮ ಗ್ಯಾರೇಜಿನಲ್ಲೇ ಕಳೆದವು. ಬಂಡಿಯ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಕೊಕ್ಕೆ ಇಟ್ಟೆ. ಸ್ಪ್ರಿಂಗ್ ಅವನ್ನು ಯಾವಾಗಲೂ ಕೆಳಕ್ಕೆ, ಹಿಮದೊಳಕ್ಕೆ ಒತ್ತಿ ಹಿಡಿದಿರುತ್ತದೆ. ಕುಳಿತವರ ಎರಡೂ ಕೈಗೆ ಸೈಕಲ್ ಬ್ರೇಕಿನಂಥ ಹಿಡಿಕೆಗಳು. ಹಿಡಿಕೆ ಅದುಮಿದರೆ ಕೊಕ್ಕೆ ಮೇಲೆದ್ದು ಬಂಡಿ ಜಾರುತ್ತದೆ, ಬಿಟ್ಟರೆ ಕೊಕ್ಕೆ ಬಿದ್ದು ನಿಲ್ಲುತ್ತದೆ. ಎಡಗೈಯನ್ನಷ್ಟೇ ಸಡಿಲಿಸಿದರೆ ಎಡಗಡೆಯ ಕೊಕ್ಕೆ ಹಿಮ ಕೆರೆದು ಬಂಡಿ ಎಡಕ್ಕೆ ತಿರುಗುತ್ತದೆ. ಏನೇ ಹೆಚ್ಚುಕಡಿಮೆಯಾದರೂ ಕೈ ಬಿಟ್ಟರಾಯಿತು, ನಿಂತಿತು! ಇದಕ್ಕಿಂತ ಸುರಕ್ಷಿತವಾದದ್ದು ಇನ್ನೇನಿದೆ ಎಂದು ನಾನು ಬೀಗಿದೆ.

ಸುನಂದಾಳ ಕಾಲುಗಳಿಗೆ ಚಳಿಯೂ ತಿಳಿಯುವುದಿಲ್ಲ, ಒತ್ತಿದರೂ ತಿಳಿಯುವುದಿಲ್ಲ. ಅದಕ್ಕೆ ಕೂರುವಲ್ಲಿ ದಪ್ಪ ಫೋಮ್ ಹಾಕಿ, ಕಾಲು ಚಾಚುವ ಜಾಗಕ್ಕೆಲ್ಲ ಕುರಿಯ ಉಣ್ಣೆಯ ಹಾಸು ಹೊಲಿದೆ. ಬೆನ್ನಿಗೆ ಕಾರಿನ ಸೀಟಿನಂತೆ ಎತ್ತರದ ಒರಗು, ಎದೆಗೆ ಅಡ್ಡಡ್ಡ ಬೆಲ್ಟು.

ಮೇ ತಿಂಗಳಲ್ಲಿ ಸುನಂದಾ ವಿಮಾನದಲ್ಲಿ ಬಂದಳು. ಮನೆಯ ಹತ್ತಿರದ ಪಾರ್ಕಿನಲ್ಲಿ ಹುಲ್ಲಿನ ಒಂದು ಇಳಿಜಾರಿತ್ತು. ಬೆಳಗಿನ ಇಬ್ಬನಿಗೆ ಹುಲ್ಲು ಚೆನ್ನಾಗಿ ಜಾರುತ್ತಿತ್ತು. ಅವಳನ್ನು ಬಂಡಿಯಲ್ಲಿ ಕೂರಿಸಿ ಬೆಲ್ಟು ಬಿಗಿದೆವು. ಮೆಲ್ಲಗೆ ಒಂದು ಸಲ ಜಾರಿ ಬಂದಳು. ಕಣ್ಣರಳಿಸುತ್ತಾಳೆ ಎಂದು ನಾನು ಕಾಯುತ್ತಿದ್ದರೆ ಅವಳು ಹಿಂದಿನ ಒರಗನ್ನು ತಟ್ಟಿ ತೋರಿಸಿದಳು.

"ವೈನಿ, ಸಿಟ್ಟಾಗಬ್ಯಾಡ. ಇದು ಕುರ್ಚಿ. ಕುರ್ಚಿ ನನ್ನ ಹತ್ರ ಅದ. ನನಗ ಬಂಡಿ ಬೇಕು."

"ಒರಗಿಲ್ಲದಿದ್ರ ಬೀಳ್ತಿ" ಎಂದೆ.

"ಸೊಂಟದ ಮ್ಯಾಲೆ ನನಗ ಶಕ್ತಿ ಅದ. ಆ ಕಡೆ ಈ ಕಡೆ ವಾಲಲಿಕ್ಕೆ ಬಿಡು. ಎಲ್ಲಾನೂ ಕಟ್ಟಿಹಾಕಿದ್ರ ನಾ ಅಕ್ಕಿ ಚೀಲ ಆಗ್ತೀನಿ."

ಗಿರೀಶರಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಅಂದೇ ಗರಗಸ ಹಿಡಿದು ಒರಗನ್ನು ಅರ್ಧಕ್ಕೆ ಇಳಿಸಿದೆ. ಎದೆಯ ಬೆಲ್ಟು ತೆಗೆದು ಸೊಂಟಕ್ಕಷ್ಟೇ ಉಳಿಸಿದೆ. ಸಂಜೆ ಅವಳು ಇನ್ನೊಮ್ಮೆ ಜಾರಿದಾಗ, ಎಡಕ್ಕೆ ವಾಲಿದರೆ ಬಂಡಿ ಎಷ್ಟು ಸೊಗಸಾಗಿ ತಿರುಗುತ್ತದೆ ಎಂದು ನೋಡಿ ನಾನೇ ಬೆರಗಾದೆ. ಕಾಗದದ ಮೇಲೆ ನಾನು ಹಾಕಿದ್ದ ಲೆಕ್ಕದಲ್ಲಿ ಆ ತಿರುವು ಇರಲೇ ಇಲ್ಲ.

ಹಿಮದ ಮೇಲಿನ ಪರೀಕ್ಷೆ ಬಾಕಿಯಿತ್ತು. ಅವಳನ್ನು ಕೂರಿಸುವ ಮೊದಲು ನಾನೇ ಕೂರಬೇಕೆಂದು ಹಟ ಹಿಡಿದೆ. ಜುಲೈ ತಿಂಗಳ ಒಂದು ಶನಿವಾರ ನಾನು, ಗಿರೀಶ ಇಬ್ಬರೇ ಮೆಲ್ಬರ್ನ್‌ನಿಂದ ಎರಡು ಗಂಟೆ ದೂರದ ಬೆಟ್ಟಕ್ಕೆ ಹೋದೆವು. ಜನರಿಲ್ಲದ ಒಂದು ಮೂಲೆ ಹುಡುಕಿದೆವು. ಅಭ್ಯಾಸಬಲದಿಂದ ಕಾಲು ಊರಿಬಿಟ್ಟೇನೆಂದು ನನ್ನ ಎರಡೂ ಕಾಲುಗಳನ್ನು ದುಪಟ್ಟಾದಿಂದ ಸೇರಿಸಿ ಕಟ್ಟಲು ಗಿರೀಶರಿಗೆ ಹೇಳಿದೆ. ಅವರಿಗೆ ಮನಸ್ಸಿರಲಿಲ್ಲ, ಆದರೂ ಕಟ್ಟಿದರು.

ಮೊದಲ ಅರ್ಧ ಹೂ ಎತ್ತಿದಂತೆ ಇಳಿದೆ. ಎಡಕ್ಕೆ, ಬಲಕ್ಕೆ, ಹೇಳಿದ ಹಾಗೆ ಕೇಳುತ್ತಿತ್ತು ಬಂಡಿ. ಆಮೇಲೆ ಕಣ್ಣಿಗೆ ಬೀಳದ ಒಂದು ದಿಬ್ಬ ಬಂತು. ಬಂಡಿ ಒಂದು ಕ್ಷಣ ಗಾಳಿಯಲ್ಲಿ ತೇಲಿ ದಡ್ಡನೆ ಬಿತ್ತು. ಅಲ್ಲಿಂದ ಅದರ ವೇಗವೇ ಬೇರೆ. ಎದುರಿಗೆ ಗಿಡಗಂಟಿ. ಕೈ ಬಿಡಬೇಕು, ಬಿಟ್ಟರೆ ನಿಲ್ಲುತ್ತದೆ ಎಂದು ನನಗೆ ಗೊತ್ತು. ಅದನ್ನು ಮಾಡಿದವಳೇ ನಾನು! ಆದರೆ ಕೈ ಬಿಡಲಿಲ್ಲ. ಹಿಡಿಕೆಗಳನ್ನು ಜೀವ ಹಿಡಿದಂತೆ ಹಿಡಿದುಕೊಂಡಿದ್ದೆ. ಬಂಡಿ ನೆಟ್ಟಗೆ ಹೋಗಿ ಪೊದೆಗೆ ನುಗ್ಗಿ ಮಗುಚಿತು. ಒಂದು ಗೇಣು ಆಚೆಗಿದ್ದರೆ ನನ್ನ ತಲೆ ಮರದ ಬೊಡ್ಡೆಗೆ ಬಡಿಯುತ್ತಿತ್ತು.

ಗಿರೀಶ ಬಿದ್ದು ಎದ್ದು ಓಡಿ ಬಂದರು. ನನ್ನ ಮುಖ ತರಚಿತ್ತು, ಭುಜ ನೋಯುತ್ತಿತ್ತು, ಅಷ್ಟೇ. ಅವರು ಕಾಲಿನ ದುಪಟ್ಟಾ ಬಿಚ್ಚಿದರು.

"ಸಾಕಿನ್ನ. ನನ್ನ ತಂಗೀನ್ನ ನಾ ಇದರಾಗ ಕೂಡಸೂದಿಲ್ಲ" ಎಂದರು.

"ಬಂಡಿದು ತಪ್ಪಿಲ್ರೀ, ನಾನ ಕೈ ಬಿಡಲಿಲ್ಲ."

"ಮಾಡಿದಾಕಿಗೇ ಬಿಡಲಿಕ್ಕೆ ಆಗಲಿಲ್ಲ. ಆಕಿಗೆ ಹೆಂಗ ಆಗ್ತದ?"

ಬಂಡಿಯನ್ನು ಡಿಕ್ಕಿಗೆ ತುಂಬಿಕೊಂಡು ಹೊರಟೆವು. ಬೆಟ್ಟದ ತಿರುವೊಂದರಲ್ಲಿ ಕಾಂಗರೂ ಒಂದು ರಸ್ತೆಗೆ ಜಿಗಿಯಿತು. ಗಿರೀಶ ಜೋರಾಗಿ ಬ್ರೇಕ್ ಒತ್ತಿದರು. ಕಾರು ಅದರ ಬಾಲದ ಹತ್ತಿರವೇ ನಿಂತಿತು. ಕಾಂಗರೂ ನಮ್ಮನ್ನೊಮ್ಮೆ ನೋಡಿ ಹೊರಟುಹೋಯಿತು. ನಾನು ನನ್ನ ಕೈ ನೋಡಿಕೊಂಡೆ. ಬಾಗಿಲಿನ ಹಿಡಿಯನ್ನು ಬೆರಳು ಬಿಳುಚುವಷ್ಟು ಬಿಗಿಯಾಗಿ ಹಿಡಿದಿದ್ದೆ. ಗಿರೀಶರ ಕೈಗಳೂ ಸ್ಟೀರಿಂಗ್ ಮೇಲೆ ಹಾಗೇ ಇದ್ದವು.

"ಹೆದರಿದಾಗ ಯಾರೂ ಕೈ ಬಿಡೂದಿಲ್ರೀ! ಬಿಗಿ ಹಿಡೀತಾರ!" ಎಂದು ಕೂಗಿದೆ. "ಗಾಡಿ ಬಾಜೂಕ ನಿಲ್ಲಸ್ರಿ."

ಕಿಟಕಿಯ ಗಾಜಿಗೆ ಕವಿದಿದ್ದ ಮಂಜಿನ ಮೇಲೆ ಬೆರಳಿನಿಂದಲೇ ಗೀಚಿ ಅವರಿಗೆ ತೋರಿಸಿದೆ. ಹಿಡಿಕೆಯನ್ನು ಹಗುರಾಗಿ ಅದುಮಿದರೆ ಕೊಕ್ಕೆ ಮೇಲೆ. ಬಿಟ್ಟರೆ ಕೆಳಗೆ. ಹಗುರಕ್ಕಿಂತ ಜಾಸ್ತಿ ಹಿಂಡಿದರೆ, ಹಿಡಿಕೆಯನ್ನು ಕೊಕ್ಕೆಗೆ ಜೋಡಿಸುವ ಒಳಗಿನ ಕೊಂಡಿ ಜಾರಿ, ಕೊಕ್ಕೆ ಆಗಲೂ ಕೆಳಗೇ ಬೀಳಬೇಕು. ಬಿಟ್ಟರೂ ನಿಲ್ಲಬೇಕು, ಹಿಂಡಿದರೂ ನಿಲ್ಲಬೇಕು. ನಡುವಿನ ಹದದಲ್ಲಿ ಮಾತ್ರ ಓಡಬೇಕು.

ಗಿರೀಶ ಬಗ್ಗಿ ಆ ಗಾಜನ್ನು ನೋಡಿದರು. "ಇದು ಖರೇನ ಆಗ್ತದೇನು?" ಎಂದು ಕೇಳಿದರು. "ಆಗ್ತದ" ಎಂದೆ. ಮುಖದ ಮೇಲೆ ರಕ್ತ ಹೆಪ್ಪುಗಟ್ಟಿದ್ದರೂ ನನ್ನ ದನಿಯಲ್ಲಿ ಅನುಮಾನವಿರಲಿಲ್ಲ.

ಆ ಕೊಂಡಿಯ ಹದ ಸಿಗುವುದಕ್ಕೆ ವಾರಗಳೇ ಹಿಡಿದವು. ಮೊದಲು ಬಹಳ ಬೇಗ ಜಾರುತ್ತಿತ್ತು, ಆಮೇಲೆ ಜಾರುತ್ತಲೇ ಇರಲಿಲ್ಲ. ಹಿಮ ಸಿಕ್ಕಿಕೊಂಡರೆ ಏನು ಗತಿ ಎಂಬ ಚಿಂತೆ ಬೇರೆ. ಅದಕ್ಕೆ ಕಾರಿನ ಗೇರ್ ಬುಡಕ್ಕೆ ಹಾಕುವಂಥ ರಬ್ಬರ್ ಮುಸುಕು ಹಾಕಿದೆ. ಆಮೇಲೆ ಫ್ರೀಜರಿನಲ್ಲಿದ್ದ ಬಟಾಣಿ, ಕಾಯಿತುರಿಯನ್ನೆಲ್ಲ ಹೊರಗೆ ತೆಗೆದು, ನೀರಲ್ಲಿ ಅದ್ದಿದ ಹಿಡಿಕೆಗಳನ್ನು ಒಳಗಿಟ್ಟೆ. ಮರುದಿನ ತೆಗೆದು ಹಿಂಡಿದರೆ ಕೊಂಡಿ ಟಕ್ ಎಂದು ಜಾರಿತು.

ಕೊನೆಗೆ ಗಿರೀಶರನ್ನೇ ಪಾರ್ಕಿನ ಇಳಿಜಾರಿನಲ್ಲಿ ಕೂರಿಸಿದೆ. ಬಂಡಿ ವೇಗ ಹಿಡಿಯುತ್ತಿದ್ದಂತೆ, ಅವರಿಗೆ ಮೊದಲೇ ಹೇಳದೆ ಹಿಂದಿನಿಂದ ಸ್ಟೀಲ್ ಪರಾತವನ್ನು ಸೌಟಿನಿಂದ ಢಣ್ಣನೆ ಬಾರಿಸಿದೆ. ಅವರು ಬೆಚ್ಚಿಬಿದ್ದು ಹಿಡಿಕೆಗಳನ್ನು ಹಿಂಡಿದರು. ಬಂಡಿ ಅಲ್ಲೇ ಹುಲ್ಲನ್ನು ಸೀಳಿ ನಿಂತಿತು. ನನ್ನ ಮೇಲೆ ರೇಗಲು ಬಾಯಿ ತೆರೆದವರು, ಹಿಂದೆ ಹುಲ್ಲಿನಲ್ಲಿ ಕೊಕ್ಕೆಗಳು ಕೆರೆದ ಎರಡು ಗೆರೆಗಳನ್ನು ನೋಡಿ ತಡೆದರು.

"ಆತು. ಆದ್ರ ಆಕಿ ಕೂತಾಗ ಹಿಂದ ಹಗ್ಗಾ ಕಟ್ಟಬೇಕು" ಎಂದರು.

ಆಗಸ್ಟ್‌ನಲ್ಲಿ ನಾವು ಮೆಲ್ಬರ್ನ್‌ನಿಂದ, ಸುನಂದಾ ಸಿಡ್ನಿಯಿಂದ ತನ್ನ ಕಾರು ತಾನೇ ಓಡಿಸಿಕೊಂಡು ಸ್ನೋಯಿ ಪರ್ವತಗಳಿಗೆ ಹೋಗಿ ಸೇರಿದೆವು. ಊರಿನಿಂದ ಆಚೆಗಿದ್ದ ಒಂದು ಚಿಕ್ಕ ಲಾಡ್ಜಿನ ಒಡತಿ ಹೆಲೆನ್‌ಗೆ ಫೋನಿನಲ್ಲಿ ಮೊದಲೇ ಎಲ್ಲ ವಿವರಿಸಿದ್ದೆ. ಲಾಡ್ಜಿನ ಹಿಂದಿನ ಇಳಿಜಾರು ಅವಳ ಸ್ವಂತದ್ದು. ಅರವತ್ತು ದಾಟಿದ ಗಟ್ಟಿ ಹೆಂಗಸು. ಬಂಡಿಯನ್ನು ಮಗುಚಿ ಹಾಕಿ, ಕೊಕ್ಕೆಗಳನ್ನು ಎಳೆದು ನೋಡಿ, "ಗುಡ್" ಎಂದಳು. ಕೆಳಗೆ ಬಲಕ್ಕೆ ಸಣ್ಣ ತೊರೆಯಿದೆ, ಮೇಲೆ ಹಿಮ ಮುಚ್ಚಿದ್ದರೂ ಅಡಿಯಲ್ಲಿ ನೀರು ಹರಿಯುತ್ತದೆ, ಅಂಚಿಗೆ ನೆಟ್ಟಿರುವ ಕೆಂಪು ಬಾವುಟ ದಾಟಬೇಡಿ ಎಂದು ಹೇಳಿ, ತಾನೇ ಹೋಗಿ ಬಾವುಟಗಳ ಹತ್ತಿರ ನಿಂತಳು.

ಮೊದಲ ಸಲ ಗಿರೀಶ ಹಿಂದೆ ಹಗ್ಗ ಹಿಡಿದು ಮೆಲ್ಲಗೆ ಬಿಟ್ಟರು. ಎರಡನೆಯ ಸಲ ಹಗ್ಗ ಜಗ್ಗಿದ್ದರಿಂದ, ತಿರುಗುತ್ತಿದ್ದ ಬಂಡಿ ಅಡ್ಡಡ್ಡ ವಾಲಾಡಿತು. ಮೇಲೆ ಎಳೆದುಕೊಂಡು ಬಂದಾಗ ಸುನಂದಾ ಹೇಳಿದಳು: "ಅಣ್ಣಾ, ಹಗ್ಗಾ ಬಿಚ್ಚು."

"ಇನ್ನೊಂದ್ಸಲ ನೋಡೋಣು, ಆಮ್ಯಾಲೆ."

"ಅಣ್ಣಾ, ನಿನ್ನ ಹಗ್ಗದಿಂದನ ಬಂಡಿ ವಾಲ್ತದ. ಬಿಚ್ಚು."

ಗಿರೀಶ ನನ್ನ ಕಡೆ ನೋಡಿದರು. ನಾನು ಬಗ್ಗಿ ಗಂಟು ಬಿಚ್ಚಿದೆ.

ಸುನಂದಾ ಹೊರಟಳು. ಅರ್ಧ ದಾರಿಯವರೆಗೆ ನೋಡುವುದೇ ಒಂದು ಹಬ್ಬ. ಎಡಕ್ಕೆ ವಾಲಿ ದೊಡ್ಡ ತಿರುವು, ಬಲಕ್ಕೆ ವಾಲಿ ಇನ್ನೊಂದು. ಅವಳ ಹಳದಿ ಜಾಕೆಟ್ ಬಿಳಿ ಹಿಮದ ಮೇಲೆ ತೇಲಿದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಮೋಡವೊಂದು ಸೂರ್ಯನನ್ನು ಮುಚ್ಚಿತು. ಹಿಮದಲ್ಲಿ ಹಾಗಾದಾಗ ನೆರಳೆಲ್ಲ ಮಾಯವಾಗಿ, ದಿಬ್ಬ ಯಾವುದು ತಗ್ಗು ಯಾವುದು ಒಂದೂ ಕಾಣುವುದಿಲ್ಲ. ಬಂಡಿ ಒಮ್ಮೆ ಕುಪ್ಪಳಿಸಿತು. ದಿಕ್ಕು ತಪ್ಪಿ ಬಲಕ್ಕೆ, ನೇರವಾಗಿ ಕೆಂಪು ಬಾವುಟಗಳ ಕಡೆ ಹೊರಟಿತು. ಕೆಳಗೆ ಹೆಲೆನ್ ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಗಿರೀಶ "ಸುನೀ!" ಎಂದು ಕೂಗಿದ್ದು ಬೆಟ್ಟಕ್ಕೆಲ್ಲ ಕೇಳಿಸಿತು.

ಆಗ ಬಂಡಿಯ ಹಿಂದೆ ಹಿಮ ಕಾರಂಜಿಯಂತೆ ಚಿಮ್ಮಿತು. ಎರಡೂ ಬದಿಯಿಂದ ಚಿಮ್ಮಿತು. ಬಂಡಿ ಅಡ್ಡ ತಿರುಗಿ, ಒಂದಿಷ್ಟು ದೂರ ಉಜ್ಜಿಕೊಂಡು ಹೋಗಿ ನಿಂತಿತು.

ನಾವಿಬ್ಬರೂ ಮೊಣಕಾಲುದ್ದದ ಹಿಮದಲ್ಲಿ ಹೂತುಕೊಳ್ಳುತ್ತ, ಏಳುತ್ತ ಓಡಿದೆವು. ಬಾವುಟದ ಕೋಲು ಸುನಂದಾಳ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅದರಾಚೆ ಹಿಮದ ಅಡಿಯಲ್ಲಿ ನೀರು ಹರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳ ಮುಖದ ತುಂಬ ಹಿಮ. ಕಣ್ಣುಗಳು ಅಗಲವಾಗಿ ತೆರೆದಿದ್ದವು. ಹೆಲೆನ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅವಳ ಬೆನ್ನು ಸವರುತ್ತಿದ್ದಳು.

"ಕೈ ಬಿಟ್ಟೆನೋ ಹಿಡದೆನೋ ಒಂದೂ ಗೊತ್ತಾಗಲಿಲ್ಲ ವೈನಿ" ಎಂದಳು ಸುನಂದಾ. "ತಾನಾಗೇ ನಿಂತಿತು."

ನಾನು ಅವಳ ಕೈ ನೋಡಿದೆ. ಗ್ಲೌಸ್ ಹಾಕಿದ್ದ ಎರಡೂ ಮುಷ್ಟಿಗಳು ಹಿಡಿಕೆಗಳನ್ನು ಪೂರ್ತಿಯಾಗಿ ಹಿಂಡಿ ಹಿಡಿದಿದ್ದವು. ಬಂಡಿ ನಿಂತು ಅಷ್ಟು ಹೊತ್ತಾದರೂ ಅವು ಸಡಿಲವಾಗಿರಲಿಲ್ಲ. ನಾನು ಅವಳ ಪಕ್ಕದಲ್ಲಿ ಮೊಣಕಾಲೂರಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹಾಗೆ ಬಿಡಿಸುತ್ತಿದ್ದಾಗ ಅವಳು ನಗತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಗಿರೀಶ ಮಾತ್ರ ಆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಅಣ್ಣಾ, ಅಳೂದು ಆಮ್ಯಾಲೆ" ಎಂದಳು ಅವಳು. "ಈಗ ನನ್ನ ಮತ್ತ ಮ್ಯಾಲೆ ಒಯ್ರಿ. ಮತ್ತ ವೈನಿ, ಎಡಗಡಿ ಹಿಡಿಕಿ ಒಂದೀಟು ಬಿಗಿ ಅದ, ಅದನ್ನ ಸರಿ ಮಾಡು."

ಹಿಡಿಕೆಯಿಂದ ಕೊಕ್ಕೆಗೆ ಹೋಗುವ ಎಡಗಡೆಯ ತಂತಿಯನ್ನು ಅಲ್ಲೇ ಸಡಿಲಿಸಿದೆ. ಮೋಡ ಸರಿದ ಮೇಲೆ ಸುನಂದಾ ಮತ್ತೆ ಇಳಿದಳು. ಸಂಜೆಯವರೆಗೆ ಇಳಿಯುತ್ತಲೇ ಇದ್ದಳು. ನಡುನಡುವೆ ಅವಳ ಕಾಲು ಬೆಚ್ಚಗಿದೆಯೇ ಎಂದು ನಾನು ಮುಟ್ಟಿ ನೋಡುತ್ತಿದ್ದೆ. ಹೆಲೆನ್ ತನ್ನ ಲಾಡ್ಜಿಗೂ ಅಂಥದ್ದೇ ಒಂದು ಮಾಡಿಕೊಡಲು ಕೇಳಿದಳು. ಮರುವರ್ಷ ಮಾಡಿಕೊಟ್ಟೆ. ನಮಗೆ ಪರಿಚಯವಿಲ್ಲದ ಎಷ್ಟೋ ಜನ ಅದರಲ್ಲಿ ಕುಳಿತು ಇಳಿದಿದ್ದಾರೆ.

ಆಮೇಲೆ ನಾನು ಇನ್ನೂ ಬಹಳಷ್ಟು ವಸ್ತುಗಳನ್ನು ವಿನ್ಯಾಸ ಮಾಡಿದೆ. ಈಗಲೂ ಹೊಸದೊಂದರ ಮುಂದೆ ಕುಳಿತಾಗ, ಇದನ್ನು ಹಿಡಿಯುವ ಕೈ ಹೆದರಿದ್ದರೆ ಏನು ಮಾಡೀತು ಎಂಬ ಪ್ರಶ್ನೆಯನ್ನೇ ಮೊದಲು ಕೇಳಿಕೊಳ್ಳುತ್ತೇನೆ. ಆ ದಿನ ಹಿಮದಲ್ಲಿ ಕುಳಿತು ಬಿಡಿಸಿದ ಆ ಬೆರಳುಗಳ ಬಿಗಿ, ಆಮೇಲೆ ಅವು ನನ್ನ ಅಂಗೈಯಲ್ಲಿ ಮೆಲ್ಲಗೆ ಸಡಿಲಾದದ್ದು, ಎರಡೂ ನನಗೆ ಇನ್ನೂ ನೆನಪಿವೆ.