ನಕಲು ಮಾಡಿಕೊಟ್ಟ ಮಂಗಳಗೌರಿ

ಮಂಗಳಗೌರಿ ಎಂ.ಕಾಂ. ಮುಗಿಸಿ ಹುಣಸೂರಿನ ಒಂದು ಖಾಸಗಿ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದ್ದು 1970ರಲ್ಲಿ. ಕೆಲಸ ತಾತ್ಕಾಲಿಕ. ಕಾಯಂ ಆಗಬೇಕಾದರೆ ವಿಭಾಗದ ಮುಖ್ಯಸ್ಥರಾದ ದೇವರಾಜು ಶಿಫಾರಸು ಮಾಡಬೇಕಿತ್ತು.

ಪದವಿ ತರಗತಿಗಳಿಗೂ ಕನ್ನಡದಲ್ಲೇ ಪಠ್ಯಪುಸ್ತಕ ಬರಬೇಕೆಂಬ ಉತ್ಸಾಹದ ಕಾಲ ಅದು. ವ್ಯವಹಾರದಲ್ಲಿ ತೀರ್ಮಾನ ತೆಗೆದುಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಪುಸ್ತಕ ಬರೆಯುವ ಕೆಲಸ ದೇವರಾಜು ಅವರಿಗೆ ಬಂತು. ಅವರು ಅದನ್ನು ಮಂಗಳಗೌರಿಗೆ ದಾಟಿಸಿದರು. ಇಬ್ಬರ ಹೆಸರೂ ಇರುತ್ತದೆ ಎಂದರು. ಅವಳು ನಂಬಿದಳು.

ಇಂಗ್ಲಿಷ್ ಪುಸ್ತಕಗಳ ತುಂಬ ಎಣ್ಣೆ ಬಾವಿ ತೋಡುವ ಕಂಪನಿಗಳದೇ ಉದಾಹರಣೆ. ಪಿರಿಯಾಪಟ್ಟಣದ ಕಡೆಯಿಂದ ಬರುವ ಹುಡುಗರಿಗೆ ಎಣ್ಣೆ ಬಾವಿ ಕಟ್ಟಿಕೊಂಡು ಏನಾಗಬೇಕು? ಅವಳು ಭಾನುವಾರಗಳಲ್ಲಿ ಬಸ್ಸು ಹತ್ತಿ ಬೆಟ್ಟದಪುರಕ್ಕೆ ಹೋಗಿ, ಹೊಗೆಸೊಪ್ಪು ಬೆಳೆಯುವವರ ಜಗಲಿಯಲ್ಲಿ ಕೂತು ಅವರು ಯಾವುದನ್ನು ಹೇಗೆ ನಿರ್ಧರಿಸುತ್ತಾರೆಂದು ಕೇಳತೊಡಗಿದಳು. ಸಾಕಮ್ಮ ಸಿಕ್ಕಿದ್ದು ಹಾಗೆ. ಹಿಂದಿನ ವರ್ಷ ಅವಳ ಗಂಡ ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆ ಎರಡನೆಯದನ್ನು ಕಟ್ಟಿಸಿದ್ದ. ಎರಡೂ ಕಡೆ ಬೆಂಕಿ ಕಾಯುತ್ತ ನಿದ್ದೆಗೆಟ್ಟ ಸಾಕಮ್ಮನಿಗೆ ಆ ಸಲ ಬಸಿರು ನಿಲ್ಲಲಿಲ್ಲ.

"ಸೊಪ್ಪಿನ ಕಂಪ್ನಿಯೋರು ಜಮೀನೆಷ್ಟು, ಸೌದೆ ಎಷ್ಟು, ಎಲ್ಲಾನೂ ನಮ್ಮನೇವ್ರನ್ನೇ ಕೇಳುದ್ರು ಕಣ್ರವ್ವ. ಬೆಂಕಿ ಕಾಯೋಳು ನಾನು. ನನ್ನ ಒಬ್ರೂ ಕೇಳ್ನಿಲ್ಲ," ಎಂದಳು ಸಾಕಮ್ಮ.

ಮಂಗಳಗೌರಿ ಆ ಮಾತನ್ನು ಹಿಡಿದು ಒಂದು ಇಡೀ ಅಧ್ಯಾಯ ಬರೆದಳು. ಲೆಕ್ಕಕ್ಕೆ ಕೂರುವ ಮೊದಲು, ತೀರ್ಮಾನದ ಭಾರ ಯಾರ ಮೇಲೆ ಬೀಳುತ್ತದೋ ಅವರನ್ನು ಹುಡುಕಿ, ಅವರಿಗೇನು ಬೇಕೆಂದು ಕೇಳಬೇಕು ಎಂಬುದು ಅದರ ಸಾರ. ಸಾಕಮ್ಮನ ಹೆಸರನ್ನೂ ಹಾಕಿದಳು.

ಪುಸ್ತಕ ಅಚ್ಚಾಗಿ ಬಂದಾಗ ಮುಖಪುಟದ ಮೇಲೆ ದೇವರಾಜು ಹೆಸರೊಂದೇ ಇತ್ತು. ಹಸ್ತಪ್ರತಿಯನ್ನು ಅಂದವಾಗಿ ನಕಲು ಮಾಡಿಕೊಟ್ಟ ಕುಮಾರಿ ಮಂಗಳಗೌರಿಗೆ ಮುನ್ನುಡಿಯ ಕೊನೆಯಲ್ಲಿ ಕೃತಜ್ಞತೆ ಹೇಳಿದ್ದರು. ಸಾಕಮ್ಮ 'ಒಬ್ಬ ರೈತ' ಆಗಿದ್ದಳು. ಹೋದ ಬಸಿರು, ಹೋದ ಬೆಳೆಯಾಗಿತ್ತು.

ಹೋಗಿ ಕೇಳಿದ್ದಕ್ಕೆ ದೇವರಾಜು ಸಿಟ್ಟಾಗಲಿಲ್ಲ. ಹೊಸಬರ ಹೆಸರಿದ್ದರೆ ಪುಸ್ತಕ ಪಠ್ಯವಾಗುವುದಿಲ್ಲ, ಎರಡನೆಯ ಮುದ್ರಣಕ್ಕೆ ನೋಡೋಣ ಎಂದರು. ಎರಡನೆಯ ಮುದ್ರಣದಲ್ಲಿ ಕೃತಜ್ಞತೆಯ ಸಾಲೂ ಹೋಯಿತು. ಅದೇ ಪುಸ್ತಕ ಹಿಡಿದು ಅವಳು ಪಾಠ ಮಾಡಿದಳು. ತನ್ನದೇ ವಾಕ್ಯಗಳನ್ನು 'ಲೇಖಕರು ಹೇಳುವಂತೆ' ಎಂದು ಬೋರ್ಡಿನ ಮೇಲೆ ಬರೆದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ದೇವರಾಜು ಪ್ರಾಂಶುಪಾಲರಾದಾಗ ಕಾಲೇಜಿನಲ್ಲಿ ಸನ್ಮಾನವಾಯಿತು. ವಂದನಾರ್ಪಣೆ ಮಂಗಳಗೌರಿಯ ಪಾಲಿಗೆ ಬಂತು. ಭಾಷಣದಲ್ಲಿ ಅವರು, ಬೆಟ್ಟದಪುರದ ರೈತನೊಬ್ಬ ತಮ್ಮ ಕಣ್ಣು ತೆರೆಸಿದ ಕತೆಯನ್ನು ಗದ್ಗದಿತರಾಗಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಅವಳು ಬರೆದುಕೊಂಡು ಬಂದದ್ದನ್ನು ಮಡಿಸಿಟ್ಟು ಎದ್ದು ನಿಂತಳು.

"ಅದು ರೈತನಲ್ಲ, ಸಾಕಮ್ಮ ಅಂತ ಒಬ್ಬ ಹೆಂಗಸು. ಆಕೆಯನ್ನು ಕೇಳಿ ಬರೆದವಳು ನಾನು. ಸರ್ ಆಕೆಯ ಮುಖವನ್ನೇ ನೋಡಿಲ್ಲ."

ಹುಡುಗರು ನಕ್ಕರು, ತಮಾಷೆ ಎಂದುಕೊಂಡು. ದೇವರಾಜು ಕೂಡ ನಕ್ಕು, ನಮ್ಮ ಮೇಡಂಗೆ ಹಾಸ್ಯಪ್ರಜ್ಞೆ ಹೆಚ್ಚು ಎಂದು ಮೈಕಿನಲ್ಲಿ ಹೇಳಿ ಸಭೆ ಮುಗಿಸಿದರು. ಜೂನ್‌ನಲ್ಲಿ ಅವಳ ಕೆಲಸ ಮುಂದುವರಿಯಲಿಲ್ಲ, ತರಗತಿಗಳು ಬೇರೊಬ್ಬರಿಗೆ ಹೋದವು.

ಒಬ್ಬರಿಗಾದರೂ ಅರ್ಥವಾದೀತೆಂದು ಅವಳು ಬೆಟ್ಟದಪುರಕ್ಕೆ ಹೋಗಿ ಎಲ್ಲವನ್ನೂ ಹೇಳಿದಳು. ಸೊಪ್ಪು ಕಟ್ಟುತ್ತಿದ್ದ ಸಾಕಮ್ಮನ ಕೈ ನಿಂತಿತು.

"ನನ್ನೆಸ್ರು ಆಕಿದ್ರಾ?"

"ಹಾಕಿದ್ದೆ. ಅವರು ತೆಗೆದುಬಿಟ್ಟರು."

"ಸದ್ಯ, ತೆಗುದ್ರಲ್ಲ. ಬಸ್ರು ಹೋಗಿದ್ದು ನಮ್ಮತ್ತೆಗೂ ಗೊತ್ತಿಲ್ಲ ಕಣ್ರವ್ವ," ಎಂದಳು ಸಾಕಮ್ಮ. ತಗ್ಗಿದ ದನಿಯಲ್ಲಿ ಸೇರಿಸಿದಳು: "ಅಷ್ಟು ಜನದ ಮುಂದೆ ನನ್ನೆಸ್ರ ಯಾಕೇಳುದ್ರಿ?"

ಹೆಸರು ಹಾಕಲೇ ಎಂದು ಮಂಗಳಗೌರಿ ಅವಳನ್ನು ಕೇಳಿಯೇ ಇರಲಿಲ್ಲ. ಕೊಟ್ಟ ಕಾಫಿ ಕುಡಿದು ಎದ್ದಳು. ಮುಂದೆ ಕೆ.ಆರ್. ನಗರದ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಡಂ ಆದಳು. ಅಲ್ಲಿ ಅವಳು ಚಕ್ರಬಡ್ಡಿ ಕಲಿಸಿದಳು, ತ್ರೈರಾಶಿ ಕಲಿಸಿದಳು. ಮತ್ತೆ ಏನನ್ನೂ ಬರೆಯಲಿಲ್ಲ.